ಬೊಕ್ಕಸವಿಲ್ಲದ ಒಕ್ಕೂಟದ ಎಂಟು ವರ್ಷ

1782ರ ಏಪ್ರಿಲ್ 8ರಂದು ಅಮೆರಿಕದ ಡೆಲವೇರ್ ಕೊಲ್ಲಿಯಲ್ಲಿ ಎರಡು ಹಡಗುಗಳು ಎದುರುಬದುರಾದವು. ಒಂದು ಬ್ರಿಟಿಷ್ ನೌಕಾಪಡೆಯ ‘ಜನರಲ್ ಮಂಕ್’. ಇನ್ನೊಂದು, ವ್ಯಾಪಾರದ ಹಡಗಿಗೆ ತರಾತುರಿಯಲ್ಲಿ ಫಿರಂಗಿ ಕೂರಿಸಿ ಯುದ್ಧಕ್ಕೆ ಅಣಿಗೊಳಿಸಿದ್ದು. ಅದರ ಹೆಸರು ‘ಹೈದರ್ ಅಲಿ’. ಅರ್ಧ ಗಂಟೆಯೊಳಗೆ ಬ್ರಿಟಿಷ್ ಹಡಗು ಬಾವುಟ ಇಳಿಸಿತು. ಹೈದರ್ ಅಲಿಯನ್ನು ನಡೆಸುತ್ತಿದ್ದ ಜೋಶುವಾ ಬಾರ್ನಿಗೆ ಆಗ 22 ವರ್ಷ.

ಮೈಸೂರಿನ ಹೈದರ್ 1780ರಿಂದ ಬ್ರಿಟಿಷರ ಮೇಲೆ ಯುದ್ಧ ಹೂಡಿದ್ದ ಸುದ್ದಿ ಅಟ್ಲಾಂಟಿಕ್ ದಾಟಿತ್ತು. ಶತ್ರುವಿನ ಶತ್ರುವಿನ ಹೆಸರನ್ನು ಅಮೆರಿಕನ್ನರು ಅಭಿಮಾನದಿಂದ ತಮ್ಮ ಹಡಗಿಗೆ ಇಟ್ಟುಕೊಂಡಿದ್ದರು. ಓದಿದಾಗ ನಮಗೂ ಎದೆ ಉಬ್ಬುತ್ತದೆ. ಆದರೆ ಈ ಘಟನೆಯಲ್ಲಿ ಕೇಳಲೇಬೇಕಾದ ಇನ್ನೊಂದು ಪ್ರಶ್ನೆಯಿದೆ: ಆ ಹಡಗಿಗೆ ದುಡ್ಡು ಕೊಟ್ಟವರು ಯಾರು? ಅಮೆರಿಕದ ಕೇಂದ್ರ ಸರ್ಕಾರವಲ್ಲ. ತನ್ನ ರೇವಿನ ಬಾಯಲ್ಲಿ ಶತ್ರುಗಳು ವ್ಯಾಪಾರದ ಹಡಗುಗಳನ್ನು ಹಿಡಿಯುತ್ತಿದ್ದಾಗ ಪೆನ್ಸಿಲ್ವೇನಿಯಾ ರಾಜ್ಯ ಫಿಲಡೆಲ್ಫಿಯಾದ ವರ್ತಕರ ನೆರವಿನಿಂದ ತಾನೇ ಹಡಗು ಹೊಂದಿಸಿಕೊಂಡಿತು. ದೇಶದ ನೌಕಾಪಡೆಯಲ್ಲಿ ಆಗ ಉಳಿದಿದ್ದದ್ದು ಕೈಬೆರಳೆಣಿಕೆಯ ಹಡಗುಗಳು. ದೇಶಕ್ಕೆ ಒಂದು ಕಾಂಗ್ರೆಸ್ ಇತ್ತು, ಒಬ್ಬ ಸೇನಾಪತಿ ಇದ್ದ, ಒಂದು ಲಿಖಿತ ಕಟ್ಟಳೆಯೂ ಇತ್ತು. ಬೊಕ್ಕಸ ಮಾತ್ರ ಇರಲಿಲ್ಲ.

ಆ ಕಟ್ಟಳೆಯ ಹೆಸರು ‘ಆರ್ಟಿಕಲ್ಸ್ ಆಫ್ ಕಾನ್ಫೆಡರೇಶನ್’, ಅಂದರೆ ಒಕ್ಕೂಟದ ಕರಾರು. ಇಂದಿನ ಅಮೆರಿಕದ ಸಂವಿಧಾನಕ್ಕೂ ಮೊದಲು, 1781ರಿಂದ 1789ರವರೆಗೆ, ಹದಿಮೂರು ರಾಜ್ಯಗಳನ್ನು ಒಟ್ಟಿಗೆ ಹಿಡಿದಿದ್ದು ಇದೇ. ಸೋತ ಪ್ರಯೋಗವೆಂದು ಶಾಲೆಯ ಪಾಠಗಳು ಇದನ್ನು ಒಂದು ಪುಟದಲ್ಲಿ ಮುಗಿಸುತ್ತವೆ. ಅದು ಸೋತದ್ದು ನಿಜ. ಆದರೆ ಯಾಕೆ ಸೋತಿತು, ಸೋಲುವ ಮುನ್ನ ಏನನ್ನು ಕಟ್ಟಿತು ಎಂಬುದು ಒಂದು ಪುಟದಲ್ಲಿ ಮುಗಿಯುವ ಕಥೆಯಲ್ಲ.

ಭಯದ ಅಡಿಪಾಯ

1776ರ ಜೂನ್ 7ರಂದು ವರ್ಜೀನಿಯಾದ ರಿಚರ್ಡ್ ಹೆನ್ರಿ ಲೀ ಕಾಂಗ್ರೆಸ್ಸಿನ ಮುಂದಿಟ್ಟ ಗೊತ್ತುವಳಿಯಲ್ಲಿ ಮೂರು ಮಾತುಗಳಿದ್ದವು: ಸ್ವಾತಂತ್ರ್ಯ ಸಾರಬೇಕು, ಹೊರದೇಶಗಳ ಸ್ನೇಹ ಸಂಪಾದಿಸಬೇಕು, ಒಕ್ಕೂಟಕ್ಕೊಂದು ಯೋಜನೆ ಬೇಕು. ಮೊದಲನೆಯದು ಒಂದೇ ತಿಂಗಳಲ್ಲಿ ಆಯಿತು. ಮೂರನೆಯದಕ್ಕೆ ಸುಮಾರು ಐದು ವರ್ಷ ಹಿಡಿಯಿತು.

ಕರಡು ಬರೆದವನು ಪೆನ್ಸಿಲ್ವೇನಿಯಾದ ಜಾನ್ ಡಿಕಿನ್ಸನ್. ಸ್ವಾತಂತ್ರ್ಯ ಘೋಷಣೆಗೆ ಇನ್ನೂ ಕಾಲ ಪಕ್ವವಾಗಿಲ್ಲವೆಂದು ಅದಕ್ಕೆ ಸಹಿ ಹಾಕದೆ ಉಳಿದ ಈ ಎಚ್ಚರದ ಮನುಷ್ಯ, ಕೇಂದ್ರಕ್ಕೆ ಸಾಕಷ್ಟು ಬಲವಿರುವ ಕರಡನ್ನೇ ಬರೆದಿದ್ದ. 1776ರ ಜುಲೈ 12ರಂದು ಅದು ಕಾಂಗ್ರೆಸ್ಸಿಗೆ ಬಂದಾಗ ಮೂರು ಜಗಳಗಳು ಶುರುವಾದವು. ಮತ ರಾಜ್ಯಕ್ಕೊಂದೋ, ಜನಸಂಖ್ಯೆಗೆ ತಕ್ಕಂತೆಯೋ? ಖರ್ಚಿನ ಪಾಲನ್ನು ತಲೆಯೆಣಿಸಿ ಹಂಚುವುದಾದರೆ ಗುಲಾಮರನ್ನೂ ಎಣಿಸಬೇಕೋ ಬೇಡವೋ? ಪಶ್ಚಿಮದ ವಿಶಾಲ ನೆಲ ಯಾರದ್ದು?

ಅದರ ನಡುವೆ ಯುದ್ಧ. 1777ರ ಸೆಪ್ಟೆಂಬರಿನಲ್ಲಿ ಬ್ರಿಟಿಷರು ಫಿಲಡೆಲ್ಫಿಯಾ ಹಿಡಿದರು. ಕಾಂಗ್ರೆಸ್ ಗಂಟುಮೂಟೆ ಕಟ್ಟಿಕೊಂಡು ಯಾರ್ಕ್ ಎಂಬ ಸಣ್ಣ ಊರಿಗೆ ಓಡಿತು. ಅಲ್ಲಿ ನವೆಂಬರ್ 15ರಂದು ಕರಾರು ಅಂಗೀಕಾರವಾಗುವ ಹೊತ್ತಿಗೆ ಡಿಕಿನ್ಸನ್ನನ ಕರಡಿನ ಹಲ್ಲು ಉದುರಿತ್ತು. ಉತ್ತರ ಕ್ಯಾರೊಲಿನಾದ ಥಾಮಸ್ ಬರ್ಕ್ ಹಟ ಹಿಡಿದು ಸೇರಿಸಿದ ಒಂದು ವಿಧಿ ಇಡೀ ದಾಖಲೆಯ ಬಣ್ಣವನ್ನೇ ಬದಲಿಸಿತು. ಸ್ಪಷ್ಟ ಮಾತುಗಳಲ್ಲಿ ಕಾಂಗ್ರೆಸ್ಸಿಗೆ ಬಿಟ್ಟುಕೊಡದ ಪ್ರತಿಯೊಂದು ಅಧಿಕಾರವೂ ರಾಜ್ಯದ್ದೇ, ಪ್ರತಿ ರಾಜ್ಯವೂ ಸಾರ್ವಭೌಮ ಎಂಬುದೇ ಅದರ ಸಾರ.

ಇದನ್ನು ಮೂರ್ಖತನ ಎನ್ನುವುದು ಸುಲಭ. ಆದರೆ ಅವರ ಜಾಗದಲ್ಲಿ ನಿಂತು ನೋಡಬೇಕು. ಸಾವಿರಾರು ಮೈಲಿ ದೂರದ ಪಾರ್ಲಿಮೆಂಟು ತಮ್ಮನ್ನು ಕೇಳದೆ ತೆರಿಗೆ ಹಾಕಿತೆಂದು ಬಂದೂಕು ಎತ್ತಿದ ಜನ ಅವರು. ಅದೇ ಅಧಿಕಾರವನ್ನು ಇನ್ನೊಂದು ದೂರದ ಸಭೆಗೆ ಕೊಡಲು ಕೈ ಬರುವುದು ಹೇಗೆ? ಹಾಗಾಗಿ ತೆರಿಗೆ ಹಾಕುವ ಹಕ್ಕು ಕಾಂಗ್ರೆಸ್ಸಿಗೆ ಸಿಗಲಿಲ್ಲ. ರಾಜ್ಯಗಳಿಗೆ ಪಾಲು ಗೊತ್ತುಮಾಡಿ ಕೇಳಬಹುದಿತ್ತು, ಅಷ್ಟೆ. ವ್ಯಾಪಾರದ ಮೇಲೆ ಹಿಡಿತವಿರಲಿಲ್ಲ. ಆಜ್ಞೆ ಜಾರಿ ಮಾಡುವ ಅಧ್ಯಕ್ಷನಿಲ್ಲ, ರಾಷ್ಟ್ರೀಯ ನ್ಯಾಯಾಂಗವಿಲ್ಲ. ರಾಜ್ಯಕ್ಕೆ ಒಂದೇ ಮತ. ಯುದ್ಧ, ಒಪ್ಪಂದ, ಸಾಲದಂಥ ದೊಡ್ಡ ವಿಷಯಕ್ಕೆ 9 ರಾಜ್ಯಗಳ ಒಪ್ಪಿಗೆ. ಒಬ್ಬ ಪ್ರತಿನಿಧಿ ಆರು ವರ್ಷಗಳಲ್ಲಿ ಮೂರು ವರ್ಷಕ್ಕಿಂತ ಹೆಚ್ಚು ಕೂರುವಂತಿಲ್ಲ. ಕೊನೆಯದಾಗಿ, ಕರಾರಿನ ಒಂದು ಅಕ್ಷರ ತಿದ್ದಬೇಕಾದರೂ ಹದಿಮೂರಕ್ಕೆ ಹದಿಮೂರೂ ರಾಜ್ಯಗಳು ಒಪ್ಪಬೇಕು.

ಜಾರಿಗೆ ಬರಲೂ ಹದಿಮೂರೂ ಬೇಕಿದ್ದವು. ಮೇರಿಲ್ಯಾಂಡ್ ಒಪ್ಪಲಿಲ್ಲ. ವರ್ಜೀನಿಯಾದಂಥ ರಾಜ್ಯಗಳು ಪಶ್ಚಿಮದ ನೆಲವೆಲ್ಲ ತಮ್ಮದೆಂದರೆ ನಮ್ಮಂಥ ಚಿಕ್ಕವರ ಗತಿಯೇನು ಎಂಬುದು ಅದರ ತಕರಾರು. ಒಹಾಯೊ ನದಿಯ ಉತ್ತರದ ನೆಲವನ್ನು ಒಕ್ಕೂಟಕ್ಕೆ ಬಿಟ್ಟುಕೊಡಲು ವರ್ಜೀನಿಯಾ 1781ರ ಜನವರಿಯಲ್ಲಿ ಮುಂದಾದ ಮೇಲೆ ಮೇರಿಲ್ಯಾಂಡ್ ಇಳಿದುಬಂತು. ಆ ವರ್ಷದ ಮಾರ್ಚ್ 1ರಂದು ಕರಾರು ಜಾರಿಗೆ ಬಂತು. ಮೇರಿಲ್ಯಾಂಡಿನ ಈ ಹಟದಿಂದ ಎಲ್ಲರಿಗೂ ಸೇರಿದ ಒಂದು ಆಸ್ತಿ ಹುಟ್ಟಿತು. ಮುಂದೆ ಈ ಬಡ ಒಕ್ಕೂಟದ ಅತಿದೊಡ್ಡ ಸಾಧನೆ ಚಿಗುರಿದ್ದು ಆ ನೆಲದಲ್ಲೇ.

ಗೆದ್ದ ದೇಶ, ಬರಿದಾದ ಕೈ

ಜಾರಿಗೆ ಬಂದ ವರ್ಷವೇ ಯುದ್ಧದ ನಿರ್ಣಾಯಕ ಗೆಲುವೂ ಬಂತು. 1781ರ ಅಕ್ಟೋಬರ್ 19ರಂದು ಯಾರ್ಕ್‌ಟೌನಿನಲ್ಲಿ ಲಾರ್ಡ್ ಕಾರ್ನ್‌ವಾಲಿಸನ ಸೈನ್ಯ ಶರಣಾಯಿತು. ಹತ್ತು ವರ್ಷದ ಮೇಲೆ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ ಟಿಪ್ಪುವಿನಿಂದ ಅರ್ಧ ರಾಜ್ಯ ಬರೆಸಿಕೊಂಡ ಅದೇ ಕಾರ್ನ್‌ವಾಲಿಸ್. ಆದರೆ ಅವನನ್ನು ಸೋಲಿಸಲು ದಕ್ಷಿಣಕ್ಕೆ ನಡೆದ ಅಮೆರಿಕನ್ ಸಿಪಾಯಿಗಳು ಸಂಬಳವಿಲ್ಲದೆ ಗೊಣಗುತ್ತಿದ್ದರು. ಹಣಕಾಸಿನ ಹೊಣೆ ಹೊತ್ತಿದ್ದ ರಾಬರ್ಟ್ ಮಾರಿಸ್ ಫ್ರೆಂಚ್ ಸೇನಾಪತಿ ರೊಶಾಂಬೋ ಬಳಿ 20,000 ಡಾಲರ್ ನಾಣ್ಯ ಸಾಲ ತಂದು ಒಂದು ತಿಂಗಳ ಸಂಬಳ ಹಂಚಿದ. ಕಾಗದದ ನೋಟನ್ನು ಮೂಸುವವರೂ ಇರಲಿಲ್ಲ. ಕಾಂಗ್ರೆಸ್ ಅಚ್ಚು ಹಾಕಿದ ಡಾಲರು ಬೆಲೆಯಿಲ್ಲದ ವಸ್ತುವಿಗೆ ಗಾದೆಯಾಗಿಹೋಗಿತ್ತು.

1782ರ ಖರ್ಚಿಗೆಂದು ಕಾಂಗ್ರೆಸ್ ರಾಜ್ಯಗಳಿಂದ ಕೇಳಿದ್ದು 80 ಲಕ್ಷ ಡಾಲರ್. ಆ ವರ್ಷ ಕಳೆಯುವ ಹೊತ್ತಿಗೆ ಕೈಸೇರಿದ್ದು 5 ಲಕ್ಷವೂ ಇಲ್ಲ. ರಾಜ್ಯಗಳೂ ಯುದ್ಧದಲ್ಲಿ ಬಸವಳಿದಿದ್ದವು, ಅವಕ್ಕೂ ಸಾಲವಿತ್ತು. ಪಕ್ಕದ ರಾಜ್ಯ ಕೊಡಲಿ, ಆಮೇಲೆ ನಾವು ಕೊಡುತ್ತೇವೆ ಎಂಬ ಮನೋಭಾವ ಎಲ್ಲ ಕಡೆ. ಕೇಳುವ ಹಕ್ಕಿದ್ದೂ ವಸೂಲಿಯ ಹಕ್ಕಿಲ್ಲದವನ ಪಾಡು ಕಾಂಗ್ರೆಸ್ಸಿನದಾಯಿತು.

ಇದಕ್ಕೆ ಮದ್ದು ಇರಲಿಲ್ಲವೆಂದಲ್ಲ. ಆಮದು ಸರಕಿನ ಮೇಲೆ ಶೇ. 5 ಸುಂಕ ಹಾಕುವ ಒಂದೇ ಒಂದು ಅಧಿಕಾರ ಕೊಡಿ ಎಂದು ಕಾಂಗ್ರೆಸ್ 1781ರಲ್ಲೇ ಕೇಳಿತು. ಒಂದೊಂದೇ ರಾಜ್ಯ ಒಪ್ಪುತ್ತ ಬಂತು. ಹನ್ನೆರಡು ಒಪ್ಪಿದವು. 1782ರ ನವೆಂಬರಿನಲ್ಲಿ ಎಲ್ಲಕ್ಕಿಂತ ಚಿಕ್ಕದಾದ ರೋಡ್ ಐಲೆಂಡ್ ಬೇಡವೆಂದಿತು. ಬಂದರಿನ ಸುಂಕವೇ ಆ ರಾಜ್ಯದ ಜೀವಾಳ. ಅದನ್ನು ಒಪ್ಪಿಸಲು ಇನ್ನೂ ಪ್ರಯತ್ನ ನಡೆಯುತ್ತಿರುವಾಗಲೇ ವರ್ಜೀನಿಯಾ ತನ್ನ ಒಪ್ಪಿಗೆಯನ್ನು ಹಿಂದಕ್ಕೆ ಪಡೆಯಿತು. 1783ರಲ್ಲಿ ಮತ್ತೆ ಕೇಳಿದರು, ಷರತ್ತುಗಳನ್ನು ಸಡಿಲಿಸಿ ಕೇಳಿದರು. ಈ ಸಲ 1786ರಲ್ಲಿ ನ್ಯೂಯಾರ್ಕ್ ಅಡ್ಡ ನಿಂತಿತು. ಎರಡು ಸಲವೂ ದೇಶದ ಬಹುಪಾಲು ಒಂದು ಕಡೆ, ಒಂದು ರಾಜ್ಯ ಇನ್ನೊಂದು ಕಡೆ. ಎರಡು ಸಲವೂ ಗೆದ್ದದ್ದು ಆ ಒಂದೇ. ಕರಾರಿನ ದೋಷಗಳ ಪಟ್ಟಿಯಲ್ಲಿ ತೆರಿಗೆಯನ್ನು ಮೊದಲು ಬರೆಯುವ ರೂಢಿಯಿದೆ. ನನಗನಿಸುವಂತೆ ಮೊದಲ ಸ್ಥಾನ ತಿದ್ದುಪಡಿಯ ವಿಧಿಗೇ ಸಲ್ಲಬೇಕು. ಬಡತನವನ್ನು ನೀಗಿಕೊಳ್ಳಬಹುದಿತ್ತು. ನೀಗಿಕೊಳ್ಳುವ ಬಾಗಿಲಿಗೆ ಹದಿಮೂರು ಬೀಗ ಜಡಿದುಕೊಂಡದ್ದೇ ಪ್ರಾಣಕ್ಕೆ ಬಂತು.

ಬಾಕಿ ಸಂಬಳದ ಸಿಟ್ಟು ಸೈನ್ಯದಲ್ಲಿ ಕುದಿಯುತ್ತಿತ್ತು. 1783ರ ಮಾರ್ಚ್ 15ರಂದು ನ್ಯೂಬರ್ಗ್ ಬಿಡಾರದಲ್ಲಿ ಅಧಿಕಾರಿಗಳು ಸಭೆ ಸೇರಿದ್ದರು; ಕಾಂಗ್ರೆಸ್ಸಿಗೆ ಬೆದರಿಕೆ ಹಾಕಬೇಕೆಂಬ ಕರಪತ್ರಗಳು ಓಡಾಡಿದ್ದವು. ಜಾರ್ಜ್ ವಾಷಿಂಗ್ಟನ್ ತಾನೇ ಬಂದು ಮಾತಾಡಿದ. ಭಾಷಣ ಅವರನ್ನು ಅಷ್ಟೇನೂ ಕದಲಿಸಲಿಲ್ಲ. ಆಮೇಲೆ ಒಂದು ಪತ್ರ ಓದಲೆಂದು ತೆಗೆದವನು ಅಕ್ಷರ ಕಾಣದೆ ತಡವರಿಸಿ ಜೇಬಿನಿಂದ ಕನ್ನಡಕ ತೆಗೆದ. ಅವನು ಕನ್ನಡಕ ಹಾಕಿದ್ದನ್ನು ಅಲ್ಲಿದ್ದ ಹೆಚ್ಚಿನವರು ಕಂಡಿರಲಿಲ್ಲ. ದೇಶದ ಸೇವೆಯಲ್ಲಿ ತಲೆ ನರೆತದ್ದಷ್ಟೇ ಅಲ್ಲ, ಕಣ್ಣೂ ಮಂಜಾಯಿತು ಎಂಬರ್ಥದ ಮಾತಾಡಿದ. ಕೆಲವರ ಕಣ್ಣಲ್ಲಿ ನೀರು ಬಂತು, ಸಂಚು ಅಲ್ಲಿಗೇ ಮುರಿಯಿತು. ಅಂದು ಒಕ್ಕೂಟವನ್ನು ಕಾಪಾಡಿದ್ದು ಕಾಗದದ ಮೇಲಿನ ಯಾವ ವಿಧಿಯೂ ಅಲ್ಲ, ಒಬ್ಬ ಮನುಷ್ಯನ ಮೇಲಿದ್ದ ಗೌರವ.

ಮೂರು ತಿಂಗಳ ಬಳಿಕ ಫಿಲಡೆಲ್ಫಿಯಾದಲ್ಲಿ ಅಂಥವರು ಯಾರೂ ಇರಲಿಲ್ಲ. ಜೂನ್ 21ರಂದು ಸುಮಾರು 400 ಸಿಪಾಯಿಗಳು ಬಂದೂಕು ಹಿಡಿದು ಕಾಂಗ್ರೆಸ್ ಕೂರುವ ಕಟ್ಟಡವನ್ನು ಸುತ್ತುವರಿದರು. ಕಾವಲಿಗೆ ಕಾಂಗ್ರೆಸ್ ಬಳಿ ಸ್ವಂತ ಪಡೆಯಿಲ್ಲ. ರಾಜ್ಯದ ನಾಗರಿಕ ಪಡೆಯಾದ ಮಿಲಿಷಿಯಾವನ್ನು ಕರೆಸಿರೆಂದು ಪೆನ್ಸಿಲ್ವೇನಿಯಾ ಸರ್ಕಾರದ ಮುಖ್ಯಸ್ಥನನ್ನು ಬೇಡಬೇಕಾಯಿತು. ಆ ಮುಖ್ಯಸ್ಥ ಬೇರೆ ಯಾರೂ ಅಲ್ಲ, ಕರಾರಿನ ಕರಡು ಬರೆದಿದ್ದ ಜಾನ್ ಡಿಕಿನ್ಸನ್. ಮಿಲಿಷಿಯಾ ತನ್ನವರ ಮೇಲೆ ಗುಂಡು ಹಾರಿಸೀತೆಂಬ ನಂಬಿಕೆ ಅವನಿಗಿರಲಿಲ್ಲ. ಅವನು ಕರೆಸಲಿಲ್ಲ. ಸದಸ್ಯರು ಬಂದೂಕುಗಳ ನಡುವೆ ನಡೆದು ಹೊರಬಿದ್ದು ಪ್ರಿನ್ಸ್‌ಟನ್ನಿಗೆ ಹೋದರು. ಅಲ್ಲಿಂದ ಅನಾಪೊಲಿಸ್, ಆಮೇಲೆ ಟ್ರೆಂಟನ್, 1785ರಲ್ಲಿ ನ್ಯೂಯಾರ್ಕ್. ಸರ್ಕಾರದ ಕಾಗದಪತ್ರಗಳೂ ಊರೂರು ಅಲೆದವು. ಅವುಗಳ ಹೊಣೆ ಹೊತ್ತಿದ್ದವನು ಚಾರ್ಲ್ಸ್ ಥಾಮ್ಸನ್. 1774ರಲ್ಲಿ ಕಾಂಗ್ರೆಸ್ಸಿನ ಕಾರ್ಯದರ್ಶಿಯಾದವನು ಕೊನೆಯವರೆಗೂ ಆ ಕುರ್ಚಿಯಲ್ಲಿದ್ದ.

ಶಾಂತಿ ಒಪ್ಪಂದಕ್ಕೂ ಇದೇ ಗತಿ ಬರುವುದರಲ್ಲಿತ್ತು. 1783ರ ಸೆಪ್ಟೆಂಬರ್ 3ರಂದು ಪ್ಯಾರಿಸ್ಸಿನಲ್ಲಿ ಬ್ರಿಟನ್ ಅಮೆರಿಕದ ಸ್ವಾತಂತ್ರ್ಯ ಒಪ್ಪಿ, ಮಿಸಿಸಿಪ್ಪಿಯವರೆಗಿನ ನೆಲ ಬಿಟ್ಟುಕೊಟ್ಟಿತು. ರಾಜತಾಂತ್ರಿಕವಾಗಿ ಅದು ಅಪೂರ್ವ ಗೆಲುವು. ಆರು ತಿಂಗಳೊಳಗೆ ಅನುಮೋದನೆಯ ಪತ್ರ ತಲುಪಬೇಕು. ಅದಕ್ಕೆ 9 ರಾಜ್ಯಗಳು ಬೇಕು. ಆ ಚಳಿಗಾಲದಲ್ಲಿ ಅನಾಪೊಲಿಸ್ಸಿಗೆ ಬಂದಿದ್ದದ್ದು 7 ರಾಜ್ಯಗಳ ಪ್ರತಿನಿಧಿಗಳು. ಹೊಸ ವರ್ಷ ಹುಟ್ಟಿದರೂ ಕೋರಂ ಇಲ್ಲ. ಕಾಯಿಲೆ ಬಿದ್ದಿದ್ದ ದಕ್ಷಿಣ ಕ್ಯಾರೊಲಿನಾದ ಒಬ್ಬ ಪ್ರತಿನಿಧಿ ಬಂದು ಸೇರಿದ ಮೇಲೆ 1784ರ ಜನವರಿ 14ರಂದು ಒಂಬತ್ತು ತುಂಬಿತು, ಒಪ್ಪಂದ ಅನುಮೋದನೆಯಾಯಿತು. ಪತ್ರ ಹೊತ್ತ ಹಡಗು ಗಡುವು ಮೀರಿ ತಲುಪಿತು. ಬ್ರಿಟಿಷರು ಅದನ್ನು ದೊಡ್ಡದು ಮಾಡಲಿಲ್ಲ.

ಆದರೆ ಬೇರೆ ವಿಷಯಗಳಲ್ಲಿ ಅವರು ಇಷ್ಟು ಉದಾರಿಗಳಾಗಿರಲಿಲ್ಲ. ಬ್ರಿಟಿಷ್ ವರ್ತಕರ ಹಳೆಯ ಸಾಲ ತೀರಿಸುವ, ಬ್ರಿಟಿಷ್ ಪಕ್ಷಪಾತಿಗಳಿಗೆ ನ್ಯಾಯ ಒದಗಿಸುವ ಷರತ್ತುಗಳನ್ನು ರಾಜ್ಯಗಳು ಪಾಲಿಸಲಿಲ್ಲ. ಪಾಲಿಸುವಂತೆ ಮಾಡುವ ಶಕ್ತಿ ಕಾಂಗ್ರೆಸ್ಸಿಗಿರಲಿಲ್ಲ. ಅದನ್ನೇ ನೆಪಮಾಡಿ ಬ್ರಿಟನ್ ಡೆಟ್ರಾಯಿಟ್, ನಯಾಗರ ಕೋಟೆಗಳನ್ನು ಬಿಡದೆ 1796ರವರೆಗೂ ಕೂತಿತು. 1784ರಲ್ಲಿ ಸ್ಪೇನ್ ಮಿಸಿಸಿಪ್ಪಿ ನದಿಯ ಕೆಳಹರಿವನ್ನು ಅಮೆರಿಕನ್ನರಿಗೆ ಮುಚ್ಚಿತು. 1785ರಲ್ಲಿ ಆಲ್ಜೀರ್ಸಿನವರು ಎರಡು ಅಮೆರಿಕನ್ ಹಡಗು ಹಿಡಿದು 21 ನಾವಿಕರನ್ನು ಸೆರೆಯಿಟ್ಟರು. ಬಿಡಿಸಿಕೊಳ್ಳಲು ಒತ್ತೆಹಣವೂ ಇಲ್ಲ, ನೌಕಾಪಡೆಯೂ ಇಲ್ಲ.

ನೆಲ ಅಳೆದ ಕಾಂಗ್ರೆಸ್

ಹಾಗಿದ್ದರೂ ಅದೇ ಕಾಂಗ್ರೆಸ್ ಮಾಡಿದ ಒಂದು ಕೆಲಸ ಇಂದಿಗೂ ವಿಮಾನದಿಂದ ಕಾಣುತ್ತದೆ. ಅಮೆರಿಕದ ನಡುನಾಡಿನ ಮೇಲೆ ಹಾರುವವರಿಗೆ ಹೊಲಗಳು ಚೌಕಾಬಾರದ ಮಣೆಯಂತೆ ಕಾಣುವುದು 1785ರ ಭೂ ಶಾಸನದಿಂದ. ಆರು ಮೈಲಿ ಉದ್ದ, ಆರು ಮೈಲಿ ಅಗಲದ ಒಂದೊಂದು ಹೋಬಳಿ; ಅದರಲ್ಲಿ 640 ಎಕರೆಯ 36 ಭಾಗ; 16ನೇ ಭಾಗ ಶಾಲೆಗೆ ಮೀಸಲು. ಬೊಕ್ಕಸ ಬರಿದಾಗಿದ್ದ ಸರ್ಕಾರ ನೆಲ ಮಾರಿ ಸಾಲ ತೀರಿಸಲು ಹೊರಟಾಗಲೂ ಹುಟ್ಟಲಿರುವ ಊರಿನ ಮಕ್ಕಳ ಪಾಲನ್ನು ಮೊದಲೇ ತೆಗೆದಿಟ್ಟಿತು.

1787ರ ಜುಲೈ 13ರ ವಾಯವ್ಯ ಶಾಸನ ಇನ್ನೂ ಮುಂದೆ ಹೋಯಿತು. ಒಹಾಯೊ ನದಿಯ ಉತ್ತರದ ನೆಲದಲ್ಲಿ ಮೂರರಿಂದ ಐದು ಹೊಸ ರಾಜ್ಯಗಳು. 60,000 ಸ್ವತಂತ್ರ ನಿವಾಸಿಗಳಾದೊಡನೆ ಹಳೆಯ ರಾಜ್ಯಗಳಿಗೆ ಸರಿಸಮನಾಗಿ ಒಕ್ಕೂಟಕ್ಕೆ ಪ್ರವೇಶ. ಧರ್ಮದ ಸ್ವಾತಂತ್ರ್ಯ, ಜೂರಿ ವಿಚಾರಣೆಯ ಹಕ್ಕು, ಗುಲಾಮಗಿರಿಗೆ ನಿಷೇಧ. ವಸಾಹತುವಾಗಿದ್ದ ದೇಶವೊಂದು ತಾನು ವಸಾಹತುಗಳ ಒಡೆಯನಾಗುವುದಿಲ್ಲ, ಹೊಸಬರನ್ನು ಸಮಾನರಾಗಿ ಸೇರಿಸಿಕೊಳ್ಳುತ್ತೇನೆ ಎಂದು ಬರೆದುಕೊಟ್ಟದ್ದು ಸಣ್ಣ ಮಾತಲ್ಲ. ಒಹಾಯೊ, ಇಂಡಿಯಾನ, ಇಲಿನಾಯ್, ಮಿಷಿಗನ್, ವಿಸ್ಕಾನ್ಸಿನ್ ಮುಂದೆ ಅಲ್ಲೇ ಹುಟ್ಟಿದವು.

ಈ ಸಾಧನೆಗೂ ಎರಡು ಗಾಯಗಳಿವೆ. ಆ ನೆಲ ಖಾಲಿಯಿರಲಿಲ್ಲ. ಶಾನಿ, ಮಯಾಮಿ ಮೊದಲಾದ ಮೂಲನಿವಾಸಿಗಳು ತಲೆತಲಾಂತರದಿಂದ ಬಾಳಿದ ನಾಡದು. ಅವರನ್ನು ಕೇಳದೆ ಪ್ಯಾರಿಸ್ಸಿನಲ್ಲಿ ಕೈಬದಲಾಯಿಸಿತು, ಅವರ ರಕ್ತ ಹರಿಸಿ ವಶವಾಯಿತು. ಇನ್ನೊಂದು, 1784ರಲ್ಲೇ ಥಾಮಸ್ ಜೆಫರ್ಸನ್ ತಂದ ಪ್ರಸ್ತಾವ. ಪಶ್ಚಿಮದ ಎಲ್ಲ ನೆಲದಲ್ಲೂ, ದಕ್ಷಿಣ ಭಾಗವೂ ಸೇರಿ, 1800ರ ನಂತರ ಗುಲಾಮಗಿರಿ ಇರಕೂಡದು ಎಂದು ಅದು ಹೇಳಿತ್ತು. 7 ರಾಜ್ಯಗಳ ಮತ ಬೇಕಿತ್ತು, 6 ಬಂದವು. ನ್ಯೂಜೆರ್ಸಿಯ ಒಬ್ಬ ಪ್ರತಿನಿಧಿ ಕಾಯಿಲೆಯಿಂದ ಸಭೆಗೆ ಬರದೆ ಆ ರಾಜ್ಯದ ಮತವೇ ಲೆಕ್ಕಕ್ಕೆ ಸಿಗಲಿಲ್ಲ. ಒಬ್ಬನ ಜಡ್ಡಿನಿಂದ ಹುಟ್ಟಲಿರುವ ಲಕ್ಷಾಂತರ ಮಂದಿಯ ಹಣೆಬರಹ ತೂಗಾಡಿತೆಂದು ನೆನೆದರೆ ಇಂದೂ ಹೊಟ್ಟೆ ಸಂಕಟವಾಗುತ್ತದೆ.

ಹಿಮದಲ್ಲಿ ಬಂದ ರೈತರು

ತಿರುವು ಬಂದದ್ದು ಮ್ಯಾಸಚೂಸೆಟ್ಸಿನ ಹಳ್ಳಿಗಳಿಂದ. ಯುದ್ಧದ ಸಾಲ ತೀರಿಸಲು ಆ ರಾಜ್ಯ ಭಾರಿ ತೆರಿಗೆ ಹಾಕಿತು, ನಾಣ್ಯದಲ್ಲೇ ಕೊಡಬೇಕೆಂದಿತು. ಪಶ್ಚಿಮ ಭಾಗದ ರೈತರ ಬಳಿ ಧಾನ್ಯವಿತ್ತು, ದನವಿತ್ತು, ನಾಣ್ಯವಿರಲಿಲ್ಲ. ಕೋರ್ಟು ಜಪ್ತಿ ಮಾಡಿತು. ಯುದ್ಧದಲ್ಲಿ ಹೋರಾಡಿ ಬಂದವರೂ ಸಾಲಕ್ಕಾಗಿ ಜೈಲು ಸೇರಿದರು. 1786ರ ಆಗಸ್ಟ್ 29ರಂದು ನಾರ್ಥಾಂಪ್ಟನ್ನಿನಲ್ಲಿ ನೂರಾರು ರೈತರು ಕೋರ್ಟು ನಡೆಯದಂತೆ ತಡೆದರು. ಮಾಜಿ ಕ್ಯಾಪ್ಟನ್ ಡೇನಿಯಲ್ ಶೇಸ್ ಅವರ ನಾಯಕರಲ್ಲಿ ಒಬ್ಬನಾದ.

ಕಾಂಗ್ರೆಸ್ ಸೈನ್ಯ ಕಟ್ಟಲು ತೀರ್ಮಾನಿಸಿತು. ರಾಜ್ಯಗಳಿಂದ ಹಣ ಬರಲಿಲ್ಲ. ಕೊನೆಗೆ ಬಾಸ್ಟನ್ನಿನ ವರ್ತಕರು ಕೈಯಿಂದ ಹಣ ಹಾಕಿ ಒಂದು ಪಡೆ ಎಬ್ಬಿಸಿದರು. 1787ರ ಜನವರಿ 25ರಂದು ಶೇಸನ ಜನ ಹಿಮದಲ್ಲಿ ಸ್ಪ್ರಿಂಗ್‌ಫೀಲ್ಡ್ ಶಸ್ತ್ರಾಗಾರದತ್ತ ನಡೆದರು. ಶಸ್ತ್ರಾಗಾರ ಕಾಂಗ್ರೆಸ್ಸಿನದು, ಕಾದು ನಿಂತಿದ್ದದ್ದು ರಾಜ್ಯದ ಮಿಲಿಷಿಯಾ. ಫಿರಂಗಿ ಹಾರಿತು, ನಾಲ್ವರು ಸತ್ತರು, ಉಳಿದವರು ಚೆದುರಿದರು. ಫೆಬ್ರವರಿಯಲ್ಲಿ ಪೀಟರ್‌ಶಾಮಿನಲ್ಲಿ ದಂಗೆ ಅಡಗಿತು. ಆದರೆ ಅದರ ನಡುಕ ಎಲ್ಲ ರಾಜ್ಯಗಳ ಉಳ್ಳವರ ಮನೆಗಳಲ್ಲಿ ಉಳಿಯಿತು.

ಸುಧಾರಣೆಯ ಪ್ರಯತ್ನ ಅದಾಗಲೇ ನಡೆದಿತ್ತು. 1786ರ ಸೆಪ್ಟೆಂಬರಿನಲ್ಲಿ ಅನಾಪೊಲಿಸ್ಸಿನಲ್ಲಿ ವ್ಯಾಪಾರದ ತೊಡಕು ಬಗೆಹರಿಸಲು ಕರೆದ ಸಭೆಗೆ ಬಂದದ್ದು 5 ರಾಜ್ಯಗಳ 12 ಮಂದಿ. ಸೋತ ಸಭೆಯನ್ನೇ ಮೆಟ್ಟಿಲು ಮಾಡಿಕೊಂಡ ಅಲೆಕ್ಸಾಂಡರ್ ಹ್ಯಾಮಿಲ್ಟನ್, ಮುಂದಿನ ಮೇ ತಿಂಗಳಲ್ಲಿ ಫಿಲಡೆಲ್ಫಿಯಾದಲ್ಲಿ ಎಲ್ಲ ದೋಷಗಳನ್ನೂ ವಿಚಾರಿಸುವ ಸಭೆ ಸೇರಲಿ ಎಂಬ ವರದಿ ಬರೆದ. ಶೇಸನ ದಂಗೆ ಆ ಕರೆಗೆ ಕಿವಿಗಳನ್ನು ಒದಗಿಸಿತು. 55 ಪ್ರತಿನಿಧಿಗಳು, 12 ರಾಜ್ಯಗಳು. ರೋಡ್ ಐಲೆಂಡ್ ಬರಲೇ ಇಲ್ಲ. ಕರಾರನ್ನು ತಿದ್ದಲು ಕಳುಹಿಸಿದವರು ಬಾಗಿಲು ಮುಚ್ಚಿಕೊಂಡು ಹೊಸದನ್ನೇ ಬರೆದರು. 1787ರ ಸೆಪ್ಟೆಂಬರ್ 17ರಂದು ಹೊರಬಂದ ಸಂವಿಧಾನದಲ್ಲಿ ತೆರಿಗೆ ಇತ್ತು, ಅಧ್ಯಕ್ಷ ಇದ್ದ, ಸುಪ್ರೀಂ ಕೋರ್ಟ್ ಇತ್ತು. ಎಲ್ಲಕ್ಕಿಂತ ದಿಟ್ಟವಾದದ್ದು ಅದರ ಕೊನೆಯ ವಿಧಿ: 9 ರಾಜ್ಯಗಳು ಒಪ್ಪಿದರೆ ಸಾಕು, ಒಪ್ಪಿದವುಗಳ ನಡುವೆ ಇದು ಜಾರಿ. ಹದಿಮೂರು ಬೀಗಗಳ ಬಾಗಿಲನ್ನು ಅವರು ತೆರೆಯಲಿಲ್ಲ. ಪಕ್ಕದ ಗೋಡೆ ಒಡೆದು ಹೊರಬಂದರು. ಕಾಂಗ್ರೆಸ್ ತನ್ನ ಮರಣಶಾಸನವನ್ನು ತಾನೇ ರಾಜ್ಯಗಳಿಗೆ ರವಾನಿಸಿತು. 1788ರ ಜೂನ್ 21ರಂದು ನ್ಯೂಹ್ಯಾಂಪ್‌ಶಿರ್ ಒಂಬತ್ತನೆಯದಾಗಿ ಒಪ್ಪಿತು. ರೋಡ್ ಐಲೆಂಡ್ 1790ರ ಮೇ ತಿಂಗಳಲ್ಲಿ, ಎಲ್ಲರಿಗಿಂತ ಕೊನೆಗೆ ಬಂತು.

ಇದು ದೇಶವನ್ನು ಉಳಿಸಿದ್ದೋ, ಉಳ್ಳವರು ಜನರ ಕೈಯಿಂದ ಅಧಿಕಾರ ಕಸಿದದ್ದೋ? ಇತಿಹಾಸಕಾರರು ಇನ್ನೂ ವಾದಿಸುತ್ತಾರೆ. 1888ರಲ್ಲಿ ಜಾನ್ ಫಿಸ್ಕ್ ಈ ವರ್ಷಗಳನ್ನು ಸಂಕಟದ ಕಾಲವೆಂದು ಚಿತ್ರಿಸಿದ. ಸಂವಿಧಾನದ ಹಿಂದೆ ಸಾಲಪತ್ರ ಹಿಡಿದವರ ಹಿತವಿತ್ತೆಂದು 1913ರಲ್ಲಿ ಚಾರ್ಲ್ಸ್ ಬಿಯರ್ಡ್ ವಾದಿಸಿದ. 1950ರಲ್ಲಿ ಮೆರಿಲ್ ಜೆನ್ಸನ್, ಆ ಕಾಲ ಹೇಳುವಷ್ಟು ಕೆಟ್ಟಿರಲಿಲ್ಲ, ದೇಶ ಚೇತರಿಸಿಕೊಳ್ಳುತ್ತಿತ್ತು ಎಂದು ತೋರಿಸಲು ಯತ್ನಿಸಿದ. ಮೂವರ ಮಾತಿನಲ್ಲೂ ಹುರುಳಿದೆ. ಚೇತರಿಕೆ ನಿಜವಿರಬಹುದು, ಸ್ವಾರ್ಥವೂ ಇದ್ದಿರಬಹುದು. ಆದರೆ ತನ್ನ ತಪ್ಪನ್ನು ಕಂಡೂ ತಿದ್ದಿಕೊಳ್ಳಲಾಗದ ವ್ಯವಸ್ಥೆ ಎಷ್ಟು ದಿನ ಬಾಳೀತು ಎಂಬ ಪ್ರಶ್ನೆಗೆ ಜೆನ್ಸನ್ನನ ಉತ್ತರ ನನಗೆ ಸಾಲದು.

ಸತ್ತ ಕಾಗದದ ಸಾಕ್ಷಿ

1789ರ ಏಪ್ರಿಲಿನಲ್ಲಿ ಚಾರ್ಲ್ಸ್ ಥಾಮ್ಸನ್ ವಾಷಿಂಗ್ಟನ್ನನ ಮನೆಯಾದ ಮೌಂಟ್ ವರ್ನನ್ನಿಗೆ ಹೋಗಿ, ನೀವು ಅಧ್ಯಕ್ಷರಾಗಿ ಆಯ್ಕೆಯಾಗಿದ್ದೀರಿ ಎಂದು ಅವನಿಗೆ ತಿಳಿಸಿದ. ಜುಲೈನಲ್ಲಿ ಹದಿನೈದು ವರ್ಷದ ಕಾಗದಪತ್ರಗಳನ್ನೂ ದೇಶದ ಮುದ್ರೆಯನ್ನೂ ಒಪ್ಪಿಸಿ ಮನೆಗೆ ಹೊರಟ. ಹಳೆಯ ಸರ್ಕಾರ ಹೊಸದಕ್ಕೆ ದಾರಿ ಬಿಟ್ಟದ್ದು ಹೀಗೆ: ಗುಂಡು ಹಾರಲಿಲ್ಲ, ಯಾರ ತಲೆಯೂ ಉರುಳಲಿಲ್ಲ. ಅದೇ ಜುಲೈನಲ್ಲಿ ಪ್ಯಾರಿಸ್ಸಿನ ಬಾಸ್ಟಿಲ್ ಬಿದ್ದದ್ದನ್ನು ನೆನೆದರೆ ಆ ಸದ್ದಿಲ್ಲದ ಹಸ್ತಾಂತರದ ಬೆಲೆ ತಿಳಿಯುತ್ತದೆ.

ಕರಾರು ಸತ್ತರೂ ಪೂರ್ತಿ ಅಳಿಯಲಿಲ್ಲ. ಒಂದು ರಾಜ್ಯದ ಪ್ರಜೆಗೆ ಇನ್ನೊಂದು ರಾಜ್ಯದಲ್ಲೂ ಹಕ್ಕು, ಒಂದು ರಾಜ್ಯದ ಕೋರ್ಟಿನ ತೀರ್ಪಿಗೆ ಇನ್ನೊಂದರಲ್ಲೂ ಮನ್ನಣೆ ಎಂಬ ಅದರ ವಿಧಿಗಳು ಹೊಸ ಸಂವಿಧಾನದಲ್ಲಿ ಹೊಕ್ಕವು. ಬರ್ಕನ ವಿಧಿಯ ನೆರಳು 1791ರ ಹತ್ತನೇ ತಿದ್ದುಪಡಿಯಲ್ಲಿ ಬಿತ್ತು. ಸ್ಪಷ್ಟ ಮಾತುಗಳಲ್ಲಿ ಕೊಟ್ಟ ಅಧಿಕಾರ ಮಾತ್ರ ಎಂಬ ಬಿಗಿಯನ್ನು ಆಗ ಕೈಬಿಟ್ಟರು. ಎಂಟು ವರ್ಷದ ಪಾಠವೆಲ್ಲ ಆ ಒಂದು ಪದವನ್ನು ಬಿಟ್ಟದ್ದರಲ್ಲಿದೆ.

ಆ ಹಳೆಯ ಕಾಗದ ಮತ್ತೆ ಎದ್ದು ಮಾತಾಡಿದ್ದು 1861ರ ಮಾರ್ಚ್ 4ರಂದು. ಏಳು ದಕ್ಷಿಣ ರಾಜ್ಯಗಳು ಅದಾಗಲೇ ಒಕ್ಕೂಟ ಬಿಟ್ಟಿದ್ದೇವೆಂದು ಸಾರಿದ್ದವು. ಅಧಿಕಾರ ಸ್ವೀಕರಿಸಿದ ಅಬ್ರಹಾಂ ಲಿಂಕನ್, ಒಕ್ಕೂಟ ಸಂವಿಧಾನಕ್ಕಿಂತ ಹಳೆಯದು, ಅದು ಎಂದೆಂದಿಗೂ ಇರಬೇಕೆಂದು ಹದಿಮೂರೂ ರಾಜ್ಯಗಳು ಕರಾರಿನಲ್ಲೇ ಮಾತು ಕೊಟ್ಟಿವೆ ಎಂದು ವಾದಿಸಿದ. 1787ರ ಸಂವಿಧಾನದಲ್ಲಿ ಇಲ್ಲದ ಆ ಶಾಶ್ವತತೆಯ ಮಾತು ಕರಾರಿನ ತಲೆಬರಹದಲ್ಲೇ ಇತ್ತು. ಸಿಪಾಯಿಗೆ ಒಂದು ತಿಂಗಳ ಸಂಬಳ ಕೊಡಲಾಗದೆ ಊರೂರು ಅಲೆದ ಒಕ್ಕೂಟ, ದೇಶ ಒಡೆಯುವ ಗಳಿಗೆಯಲ್ಲಿ ತನ್ನ ಮಾತನ್ನು ಸಾಕ್ಷಿಯಾಗಿ ಕೊಟ್ಟಿತು. ಬೊಕ್ಕಸವಿಲ್ಲದೆ ಬಾಳಿದ್ದು ಬಿಟ್ಟುಹೋದ ಆಸ್ತಿ ಅದು.